ಪಾನಪಾತ್ರೆಯ ಪಂಕ್ತಿಭೇದ

ಕಳೆದ ತಿಂಗಳು ನಮ್ಮ ಸಂಘದ ಸಭಾಗೃಹದಲ್ಲಿ, ದೇಶಾಂತರ ಸಂಚಾರವನ್ನು ಮುಗಿಸಿಕೊಂಡು ಬಂದ ಮಿತ್ರರೊಬ್ಬರು ಭೋಜನಗೃಹಗಳ ಶಿಷ್ಟಾಚಾರವೆಂಬ ವಿಷಯವನ್ನು ಕುರಿತು ಉಪನ್ಯಾಸ ಮಾಡಿದರು. ದ್ರಾಕ್ಷಾಮದ್ಯದ ಪಾತ್ರೆಯನ್ನು ಯಾವ ಬೆರಳುಗಳಿಂದ ಹಿಡಿಯಬೇಕು, ಅದನ್ನು ಎಷ್ಟು ಸಾರಿ ತಿರುವಬೇಕು, ಮೂಗನ್ನು ಎಷ್ಟು ಸಮೀಪಕ್ಕೆ ಒಯ್ಯಬೇಕು, ಪರಿಚಾರಕನು ಬಾಟಲಿಯ ಬೂಚನ್ನು ಮುಂದಿಟ್ಟಾಗ ಮುಖಮುದ್ರೆ ಹೇಗಿರಬೇಕು, ಎದ್ದು ಬರುವಾಗ ತಟ್ಟೆಯಲ್ಲಿ ಎಷ್ಟು ಹಣವನ್ನು ಬಿಟ್ಟು ಬರಬೇಕು ಎಂಬಿವೇ ಮೊದಲಾದ ಸಂಗತಿಗಳನ್ನು ಅವರು ಸಾಭಿನಯವಾಗಿ ವರ್ಣಿಸಿದರು. ಕಡೆಯಲ್ಲಿ, "ಇದನ್ನರಿಯದವನು ಪ್ಯಾರಿಸಿನಲ್ಲಿ ಮಾತ್ರವಲ್ಲ, ಬೆಂಗಳೂರಿನಲ್ಲಿಯೂ ನಗೆಗೀಡಾಗುವನು, ನಮ್ಮ ಜಿಲ್ಲೆಯ ಜನರು ಇನ್ನಾದರೂ ನಾಗರಿಕರಾಗಬೇಕು" ಎಂದು ಉಪದೇಶಿಸಿ ಕುಳಿತರು. ಸಭಿಕರು ಕೈತಟ್ಟಿದರು. ಸೌಜನ್ಯಕ್ಕಾಗಿ ನಾನೂ ತಟ್ಟಿದೆನು. ಆದರೆ ಮನೆಗೆ ಬರುವ ದಾರಿಯಲ್ಲಿ ಆ ಚಪ್ಪಾಳೆಗಾಗಿ ನನಗೇ ನಾಚಿಕೆಯಾಯಿತು. ಆ ನಾಚಿಕೆಯ ಕಾರಣವನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮದ್ಯಪಾನವನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಔಷಧಾರ್ಥವಾಗಿಯಲ್ಲದೆ ಮಾದಕ ಪಾನೀಯಗಳ ಸೇವನೆಯನ್ನು ನಿಷೇಧಿಸಲು ಪ್ರಭುತ್ವವು ಪ್ರಯತ್ನಿಸಬೇಕೆಂದು ನಮ್ಮ ಸಂವಿಧಾನದ 47ನೆಯ ಅನುಚ್ಛೇದವು ನಿರ್ದೇಶಿಸಿದೆ. ಆರೋಗ್ಯಕ್ಕೆ ಹಾನಿಯಿಲ್ಲವೆಂದು ಹೇಳಬಹುದಾದ ಮದ್ಯದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾರಿತು. ಕುಡಿಯದವರ ನಿಷ್ಠೆಗೆ ನನ್ನ ನಮಸ್ಕಾರವಿದೆ. ಆದರೂ ಕರ್ನಾಟಕ ಸರಕಾರವೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿ, ಅದಕ್ಕಾಗಿ ಒಂದು ಮಂಡಳಿಯನ್ನೂ ಸ್ಥಾಪಿಸಿತು. ನಂದಿಬೆಟ್ಟದ ತಪ್ಪಲಿನಲ್ಲಿಯೂ ಕೃಷ್ಣಾ ನದಿಯ ಕಣಿವೆಯಲ್ಲಿಯೂ ವೈನಿಗಾಗಿಯೇ ಬೆಳೆಸಿದ ದ್ರಾಕ್ಷಿಯ ತೋಟಗಳಿವೆ. ನಮ್ಮ ವಿಜಯಪುರ ಜಿಲ್ಲೆಯ ದ್ರಾಕ್ಷಿಯಲ್ಲಿ ಬಹುಪಾಲು ಒಣದ್ರಾಕ್ಷಿಯಾಗಿ ಮಾರಾಟವಾದರೂ ಸ್ವಲ್ಪ ಭಾಗವು ಪೀಪಾಯಿಗಳನ್ನು ಸೇರುತ್ತದೆ. ಸರಕಾರದ ಪರವಾನಗಿಯಿಂದ, ಸರಕಾರಕ್ಕೆ ತೆರಿಗೆ ತೆತ್ತು, ಬಹಿರಂಗವಾಗಿ ಮಾರಲ್ಪಡುವ ಪದಾರ್ಥವನ್ನು ಕೊಳ್ಳಬಂದ ಅತಿಥಿಯೊಡನೆ ಹೇಗೆ ವರ್ತಿಸಬೇಕೆಂಬುದು ಒಂದು ಪ್ರಶ್ನೆ. ಪಾನವು ಒಳ್ಳೆಯದೋ ಕೆಟ್ಟದೋ ಎಂಬುದು ಮತ್ತೊಂದು. ನಾನು ಮೊದಲನೆಯದನ್ನು ಮಾತ್ರ ಎತ್ತಿಕೊಂಡಿರುವೆನು. ಕುಡಿಯದವರೂ ಈ ವ್ಯಾಜ್ಯದಲ್ಲಿ ಕಕ್ಷಿಗಾರರೇ ಎಂಬುದನ್ನು ಮುಂದೆ ತೋರಿಸುವೆನು.

ಕೆಲವು ವರ್ಷಗಳ ಹಿಂದೆ ನಾನೂ ನಮ್ಮ ಸೀಮೆಯ ದ್ರಾಕ್ಷಿ ಬೆಳೆಗಾರ ಸ್ನೇಹಿತರೊಬ್ಬರೂ ಕಾರ್ಯಾರ್ಥವಾಗಿ ಬೆಂಗಳೂರಿಗೆ ಹೋಗಿದ್ದೆವು. ಅವರು ವೈನಿನ ಕಾರಖಾನೆಗೆ ಹಣ್ಣು ಕೊಡತಕ್ಕವರು. ಹುಳಿಯುವ ರಸದ ವಾಸನೆಯಿಂದಲೇ ಅದರ ಹದವನ್ನು ಹೇಳಬಲ್ಲವರು. ಅಲ್ಲಿ ಅವರ ಬಂಧುಗಳೊಬ್ಬರು ನಮ್ಮನ್ನು ಗೌರವಿಸುವ ಉದ್ದೇಶದಿಂದ ಒಂದು ದೊಡ್ಡ ಭೋಜನಗೃಹಕ್ಕೆ ಕರೆದೊಯ್ದು, ಹಿರಿಯರ ಸಲುವಾಗಿ ಪರದೇಶದ ಕೆಂಪು ವೈನಿನ ಬಾಟಲಿಯೊಂದನ್ನು ತರಿಸಿದರು. ಪರಿಚಾರಕನು ಬಾಟಲಿಯನ್ನು ತೋರಿಸಿ, ಬೂಚನ್ನು ಕಿತ್ತು, ಸ್ನೇಹಿತರ ಪಾತ್ರೆಗೆ ಒಂದು ಗುಟುಕಿನಷ್ಟು ಸುರಿದು, ಕೈಕಟ್ಟಿ ನಿಂತುಕೊಂಡನು. "ಇಷ್ಟೇ ಏನಪಾ?" ಎಂದು ಇವರು ಕೇಳಿದರು. ಪಕ್ಕದ ಮೇಜಿನವರು ನಕ್ಕರು. ಬಂಧುಗಳ ಮುಖ ಕೆಂಪಾಯಿತು. ಸ್ನೇಹಿತರು ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದು, ಸ್ವಲ್ಪ ಯೋಚಿಸಿ, "ಇದಕ್ಕೆ ನೆನೆದ ಗೋಣೀಚೀಲದ ವಾಸನೆ ಹೊಡೆದೈತಿ" ಎಂದರು. ಪರಿಚಾರಕನು ಅಭ್ಯಾಸವಾದ ಮುಗುಳುನಗೆಯೊಡನೆ, "ಈ ವೈನಿನ ಸ್ವಭಾವವೇ ಹಾಗೆ, ರೂಢಿಯಿಲ್ಲದವರಿಗೆ ಮೊದಲು ಹಾಗೆ ತೋರುತ್ತದೆ" ಎಂದನು. ಬಂಧುಗಳು ಆತುರದಿಂದ, "ಸರಿ, ಸರಿ, ಹಾಕಿ" ಎಂದುಬಿಟ್ಟರು. ಆ ಬಾಟಲಿಯನ್ನು ಯಾರೂ ಮುಗಿಸಲಿಲ್ಲ. ಹಣವನ್ನು ಪೂರ್ತಿ ತೆತ್ತದ್ದಾಯಿತು. ನಾವು ಕೈತೊಳೆಯುವಲ್ಲಿ ನಿಂತಿದ್ದಾಗ ಅದೇ ಪರಿಚಾರಕನು ಹಿಂದಿನಿಂದ ಬಂದು, ನಮ್ಮ ಕಡೆಯ ಮಾತಿನಲ್ಲಿಯೇ ಮೆಲ್ಲಗೆ ಹೇಳಿದನು: "ಯಜಮಾನರ, ನೀವು ಹೇಳಿದ್ದು ಖರೇ. ಬಾಟಲಿ ಕೆಟ್ಟಿತ್ತು. ತಿರುಗಿ ಒಯ್ದರ ಅದರ ರೊಕ್ಕ ನನ್ನ ಪಗಾರದಾಗ ಮುರೀತಾರ್ರಿ."

ಈ ಪ್ರಸಂಗದಲ್ಲಿ ತಪ್ಪು ಯಾರದು? ಉಪನ್ಯಾಸಕ ಮಿತ್ರರ ಮತದಂತೆ ಬೆಳೆಗಾರರದು, ಏಕೆಂದರೆ ಅವರಿಗೆ ಶಿಷ್ಟಾಚಾರ ತಿಳಿಯದು. ನಾನು ಹೇಳುವುದೇನೆಂದರೆ, ಆ ಕೋಣೆಯಲ್ಲಿದ್ದವರೆಲ್ಲರ ಪೈಕಿ ಆ ಆಚಾರವನ್ನು ಸರಿಯಾಗಿ ನಡೆಯಿಸಿದವರು ಅವರೊಬ್ಬರೇ. ಒಂದು ಗುಟುಕನ್ನು ಮೊದಲು ಸುರಿಯುವುದು ಅತಿಥಿಯ ಕುಲಶೀಲಗಳನ್ನು ಪರೀಕ್ಷಿಸುವುದಕ್ಕಲ್ಲ, ಬಾಟಲಿಯನ್ನು ಪರೀಕ್ಷಿಸುವುದಕ್ಕೆ. ಓಕ್ ಜಾತಿಯ ಒಂದು ಮರದ ತೊಗಟೆಯಿಂದ ಮಾಡಿದ ಬೂಚುಗಳಲ್ಲಿ ಕೆಲವೊಮ್ಮೆ ಬೂಷ್ಟು ಹಿಡಿದು, ಕ್ಲೋರಿನ್ ಸೇರಿದ ಪದಾರ್ಥಗಳ ಯೋಗದಿಂದ ಟ್ರೈಕ್ಲೋರೋಅನಿಸೋಲ್ ಎಂಬ ದ್ರವ್ಯವು ಹುಟ್ಟುತ್ತದೆ. ಬೂಚಿನ ಕೆಡುಕಿಗೆ ಇದೇ ಮುಖ್ಯ ಕಾರಣವೆಂಬುದನ್ನು ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರು 1980ರ ದಶಕದ ಪ್ರಾರಂಭದಲ್ಲಿ ಕಂಡುಹಿಡಿದರು. ಲೀಟರೊಂದರಲ್ಲಿ ಕೆಲವೇ ನ್ಯಾನೋಗ್ರಾಂ, ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಕೆಲವೇ ಭಾಗಗಳು ಸೇರಿದರೂ ಸಾಕು; ವೈನಿನ ಹಣ್ಣಿನ ಪರಿಮಳವು ಅಡಗಿ, ನೆನೆದ ರಟ್ಟಿನ ವಾಸನೆ, ನೆಲಮಾಳಿಗೆಯ ವಾಸನೆ, ನಮ್ಮ ಸ್ನೇಹಿತರ ಮಾತಿನಲ್ಲಿ ಗೋಣೀಚೀಲದ ವಾಸನೆ, ಮೇಲೇಳುತ್ತದೆ. ದೇಹಕ್ಕೆ ಅದರಿಂದ ಅಪಾಯವಿಲ್ಲ. ಆದರೆ ಕೊಟ್ಟ ಬೆಲೆಗೆ ಬಂದ ಪದಾರ್ಥ ಅದಲ್ಲ. ಹಾಗಿದ್ದರೆ ಬಾಟಲಿಯನ್ನು ಹಿಂದಕ್ಕೆ ಕಳಿಸುವುದು ಅತಿಥಿಯ ಹಕ್ಕು. ಬೇರೊಂದನ್ನು ತರುವುದು ಯಜಮಾನನ ಧರ್ಮ. ಸಂತೆಯಲ್ಲಿ ಹೆಣ್ಣುಮಕ್ಕಳು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ ನೋಡುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಹೀಗೆಯೇ ಉಳಿದ ಆಚಾರಗಳೂ. ಬಾಟಲಿಯ ಚೀಟಿಯನ್ನು ತೆರೆಯುವ ಮುನ್ನ ತೋರಿಸುವುದು, ಕೇಳಿದ ತೋಟದ್ದೇ, ಕೇಳಿದ ವರ್ಷದ್ದೇ ಬಂದಿದೆಯೆಂದು ಗಿರಾಕಿಯು ನೋಡಿಕೊಳ್ಳಲೆಂದು. ಬೂಚನ್ನು ಮುಂದಿಡುವುದು, ಅದರ ಮೇಲಿನ ಮುದ್ರೆಗೂ ಚೀಟಿಗೂ ತಾಳೆಯಿದೆಯೇ ಎಂದು ನೋಡಲೆಂದು. ಆಸ್ಟ್ರೇಲಿಯದ ಕ್ಲೇರ್ ಕಣಿವೆಯ ಅನೇಕ ಉತ್ಪಾದಕರು 2000ದಲ್ಲಿ ಬೂಚನ್ನು ಬಿಟ್ಟು ತಿರುಪು ಮುಚ್ಚಳವನ್ನು ಹಿಡಿದರು. ನ್ಯೂಜಿಲೆಂಡಿನವರು ಬೆನ್ನಹಿಂದೆಯೇ ಅದನ್ನು ಅನುಸರಿಸಿದರು. ತಿರುಪು ಮುಚ್ಚಳದಲ್ಲಿ ತೊಗಟೆಯೇ ಇಲ್ಲವಾದುದರಿಂದ ಬೂಚಿನ ದೋಷಕ್ಕೂ ಅವಕಾಶವಿಲ್ಲ. ಆದರೂ ನಮ್ಮ ನಗರಗಳ ಕೆಲವು ಭೋಜನಗೃಹಗಳಲ್ಲಿ ಆ ತಗಡಿನ ಮುಚ್ಚಳವನ್ನೇ ತಟ್ಟೆಯಲ್ಲಿಟ್ಟು ಗಂಭೀರವಾಗಿ ಮುಂದೊಡ್ಡುವುದನ್ನು ನಾನು ಕಂಡಿದ್ದೇನೆ. ಇನ್ನೊಂದನ್ನು ನೋಡಿರಿ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕೆಂಬುದು ಯುರೋಪಿನ ವಿಧಿ. ಆ ಮಾತು ಹುಟ್ಟಿದ್ದು ಚಳಿದೇಶದ ಹಳೆಯ ಮನೆಗಳಲ್ಲಿ. ಅಲ್ಲಿಯ ಕೋಣೆಯೆಂದರೆ ಸುಮಾರು 16ರಿಂದ 18 ಡಿಗ್ರಿ ಸೆಲ್ಸಿಯಸ್. ಚೈತ್ರಮಾಸದ ವಿಜಯಪುರದ ಕೋಣೆಯಲ್ಲಿ 38 ಡಿಗ್ರಿಯಿರುವಾಗ ಅದೇ ವಾಕ್ಯವನ್ನು ಜಪಿಸಿ, ಕಷಾಯದಂತೆ ಬೆಚ್ಚಗಾದ ಮದ್ಯವನ್ನು ಸುರಿಯುವವನಿಗೆ ಏನೆನ್ನೋಣ? ಬೆಕ್ಕನ್ನು ಕಟ್ಟಿಹಾಕಿ ಶ್ರಾದ್ಧ ಮಾಡಿದವನ ಮೊಮ್ಮಗನು, ಬೆಕ್ಕಿಲ್ಲದ ಮನೆಗೆ ಬೆಕ್ಕನ್ನು ತಂದು ಕಟ್ಟಿದ ಕಥೆಯು ವಾಚಕರಿಗೆ ತಿಳಿದದ್ದೇ. ಕಾರಣವನ್ನು ಸಮುದ್ರದಾಚೆಯಲ್ಲಿಯೇ ಬಿಟ್ಟು ಅಭಿನಯವನ್ನು ಮಾತ್ರ ಹೊತ್ತು ತಂದದ್ದರ ಫಲವಿದು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಉಪನ್ಯಾಸಕರ ಮೇಲೆ ನನಗಿರುವ ದೊಡ್ಡ ಆಕ್ಷೇಪಣೆ ಬೇರೆ. ಅವರು ದೇಶದೇಶಗಳನ್ನು ಸುತ್ತಿ ಬಂದರೂ, ಆಯಾ ದೇಶಗಳು ಅತಿಥಿಯ ರಕ್ಷಣೆಗಾಗಿ ಮಾಡಿಕೊಂಡ ವ್ಯವಸ್ಥೆಗಳಲ್ಲಿ ಒಂದನ್ನಾದರೂ ನಮಗೆ ತಿಳಿಸಲಿಲ್ಲ. ಫ್ರಾನ್ಸಿನಲ್ಲಿ ಪಟ್ಟಿಯಲ್ಲಿ ಬರೆದ ಬೆಲೆಯೊಳಗೆ ತೆರಿಗೆಯೂ ಸೇವೆಯ ವೆಚ್ಚವೂ ಸೇರಿರಬೇಕೆಂದು 1987ರ ಆಜ್ಞೆಯು ವಿಧಿಸಿತು. ಅತಿಥಿಯು ಮೇಲೆ ನಾಲ್ಕು ನಾಣ್ಯಗಳನ್ನು ಬಿಟ್ಟರೆ ಅದು ಸಂತೋಷ, ಬಿಡದಿದ್ದರೆ ಅಪರಾಧವಲ್ಲ. ಅಲ್ಲಿ ಊಟದೊಡನೆ ಹೂಜಿಯಲ್ಲಿ ಸಾದಾ ನೀರನ್ನು ಬೆಲೆಯಿಲ್ಲದೆ ಕೊಡುವುದು ಹಳೆಯ ಪದ್ಧತಿ. ಆ ನೀರನ್ನು ಕೇಳಬಹುದೆಂಬುದನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕೆಂದು 2020ರ ಕಾನೂನು ಕಡ್ಡಾಯ ಮಾಡಿತು. ಜರ್ಮನಿಯಲ್ಲಿ ಪಾನಪಾತ್ರೆಯ ಮೇಲೆ ಅಳತೆಯ ಗೆರೆಯಿರಬೇಕು. ಗೆರೆಗೆ ಕಡಿಮೆ ಸುರಿದರೆ ಅತಿಥಿಯು ಬಾಯಿಬಿಟ್ಟು ಕೇಳಬಹುದು. ಬ್ರಿಟನ್ನಿನಲ್ಲಿ ಬಿಡಿಯಾಗಿ ಮಾರುವ ವೈನನ್ನು 125 ಅಥವಾ 175 ಮಿಲಿಲೀಟರ್, ಇಲ್ಲವೆ ಅವುಗಳ ಗುಣಕಗಳ ಅಳತೆಯಲ್ಲಿಯೇ ಸಾಮಾನ್ಯವಾಗಿ ಕೊಡತಕ್ಕದ್ದು. ಹೊಳೆಗೆ ಸುರಿದರೂ ಅಳೆದು ಸುರಿ ಎಂಬ ನಮ್ಮ ಗಾದೆಯನ್ನು ಆ ಜನರು ಕಾನೂನಾಗಿ ಬರೆದುಕೊಂಡಿದ್ದಾರೆ. ನಮ್ಮಲ್ಲಿಯಾದರೋ, 'ಒಂದು ಗ್ಲಾಸು' ಎಂದಷ್ಟೇ ಬರೆದು ಎದುರಿಗೆ ನಾಲ್ಕಂಕಿಯ ಬೆಲೆಯನ್ನು ಕಾಣಿಸಿದ ಪಟ್ಟಿಗಳನ್ನು ನಾನೇ ನೋಡಿದ್ದೇನೆ.

ಕುಡಿಯದವರ ಮಾತು ಇಲ್ಲಿಯೇ ಬರುತ್ತದೆ. ಮದ್ಯವನ್ನು ಮಾರುವ ಜರ್ಮನಿಯ ಪ್ರತಿಯೊಂದು ಭೋಜನಗೃಹದಲ್ಲಿಯೂ, ಮದ್ಯವಲ್ಲದ ಒಂದು ಪಾನೀಯವಾದರೂ ಅತ್ಯಂತ ಅಗ್ಗದ ಮದ್ಯಕ್ಕಿಂತ ಹೆಚ್ಚು ಬೆಲೆಯದಾಗಿರಕೂಡದು ಎಂಬ ನಿಯಮವಿದೆ. ಜನರು ಅದನ್ನು ಸೇಬಿನ ರಸದ ಕಾನೂನೆಂದು ಕರೆಯುತ್ತಾರೆ. ದುಡ್ಡಿನ ಸಂಕೋಚಕ್ಕಾಗಿ ಯಾವನೂ ಮದ್ಯವನ್ನು ಕುಡಿಯುವಂತಾಗಬಾರದು ಎಂಬುದೇ ಇದರ ಅಭಿಪ್ರಾಯ. ನಮ್ಮಲ್ಲಿ ಕುಡಿಯದ ಅತಿಥಿಯು ನೀರನ್ನು ಕೇಳಿದ ಕ್ಷಣವೇ, "ಬಾಟಲಿಯ ನೀರೋ, ಸಾದಾ ನೀರೋ?" ಎಂಬ ಪ್ರಶ್ನೆ ಬರುತ್ತದೆ, ಸಾದಾ ಎಂಬ ಶಬ್ದವನ್ನು ಉಚ್ಚರಿಸುವ ಧಾಟಿಯಿಂದಲೇ ಅತಿಥಿಯು ಬಾಟಲಿಯನ್ನು ಒಪ್ಪಿಕೊಳ್ಳುತ್ತಾನೆ. ಆ ಬಾಟಲಿಯನ್ನು ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರಲು ಹೋಟೆಲುಗಳಿಗೆ ಅಡ್ಡಿಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2017ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ನ್ಯಾಯಾಲಯದ ತರ್ಕವನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಬಾಯಾರಿ ಬಂದ ದಾರಿಗನಿಗೆ ಅರವಟ್ಟಿಗೆಯಿಟ್ಟ ನಾಡಿನಲ್ಲಿ, ಊಟಕ್ಕೆ ಕುಳಿತವನು ನೀರು ಕೇಳಲು ನಾಚಬೇಕಾದ ಸ್ಥಿತಿಯನ್ನು ನಾಗರಿಕತೆಯೆಂದು ಕರೆಯಲಾರೆನು.

ಹೊರನಾಡಿನಲ್ಲಿ ಎಲ್ಲವೂ ಸರಿಯಾಗಿದೆಯೆಂದು ನಾನು ಹೇಳುವುದಿಲ್ಲ. ಮಿತ್ರರು ಬಹಳವಾಗಿ ಕೊಂಡಾಡಿದ ಅಮೇರಿಕೆಯ 'ಟಿಪ್ಸ್' ಎಂಬ ಪದ್ಧತಿಯ ಬೇರನ್ನು ಸ್ವಲ್ಪ ಅಗೆದು ನೋಡೋಣ. ಅಂತರ್ಯುದ್ಧವು ಮುಗಿದು ದಾಸ್ಯದಿಂದ ಬಿಡುಗಡೆ ಹೊಂದಿದ ಕರಿಯ ಜನರನ್ನು ಕೆಲಸಕ್ಕೆ ಹಚ್ಚಿಕೊಂಡವರಲ್ಲಿ ಅನೇಕರು, ಸಂಬಳದ ಭಾರವನ್ನು ಗಿರಾಕಿಗಳ ಇನಾಮಿನ ಮೇಲೆ ಹೊರಿಸಿದರು. ರೈಲಿನ ಶಯ್ಯಾಗಾಡಿಗಳಲ್ಲಿ ದುಡಿಯುತ್ತಿದ್ದ ಕರಿಯ ಪರಿಚಾರಕರು ಅಲ್ಪ ವೇತನದ ಕೊರತೆಯನ್ನು ಇನಾಮಿನಿಂದ ತುಂಬಿಕೊಂಡು, ಕಡೆಗೆ 1925ರಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಳ್ಳಬೇಕಾಯಿತು. ಇನಾಮಿನ ಪದ್ಧತಿಯು ಸ್ವತಂತ್ರ ಪ್ರಜೆಗೆ ಅವಮಾನಕರವೆಂದು ಅಮೇರಿಕದವರಿಗೇ ಒಂದು ಕಾಲದಲ್ಲಿ ತೋರಿತ್ತು. 1909ರಲ್ಲಿ ವಾಷಿಂಗ್‌ಟನ್ ಸಂಸ್ಥಾನವು ಅದನ್ನು ನಿಷೇಧಿಸಿ ಕಾನೂನು ಮಾಡಿತು, ಆದರೆ ಆ ಕಾನೂನು ನಿಲ್ಲಲಿಲ್ಲ. ಇನಾಮು ಪಡೆಯುವ ಕೆಲಸಗಾರನಿಗೆ ಯಜಮಾನನು ತನ್ನ ಕೈಯಿಂದ ಕೊಡಬೇಕಾದ ಸಂಯುಕ್ತ ಸರಕಾರದ ಕನಿಷ್ಠ ವೇತನವು ಗಂಟೆಗೆ 2.13 ಡಾಲರ್ ಎಂದು 1991ರಲ್ಲಿ ನಿಂತದ್ದು, ಬಳಿಕ ಮೂರು ದಶಕಗಳು ಕಳೆದರೂ ಮೇಲೇರಲಿಲ್ಲ. ಇನಾಮು ಸಾಲದಿದ್ದರೆ ಸಾಮಾನ್ಯ ಕನಿಷ್ಠ ವೇತನದವರೆಗೆ ಯಜಮಾನನು ತುಂಬಿಕೊಡಬೇಕೆಂಬ ನಿಯಮವುಂಟು. ಕೆಲವು ಸಂಸ್ಥಾನಗಳು ಪೂರ್ಣ ವೇತನವನ್ನೇ ವಿಧಿಸಿವೆ. ಆದರೂ ಅಲ್ಲಿಯ ಪರಿಚಾರಕನ ಮುಗುಳುನಗೆಯಲ್ಲಿ ಬಾಡಿಗೆಯ ಚಿಂತೆ ಎಷ್ಟು ಬೆರೆತಿದೆಯೆಂಬುದನ್ನು ಮಿತ್ರರು ವಿಚಾರಿಸಲಿಲ್ಲ. ಜಪಾನಿನಲ್ಲಿಯಾದರೋ, ಇನಾಮು ಕೊಡುವ ರೂಢಿಯೇ ಇಲ್ಲ. ಮರೆತು ಬಿಟ್ಟ ನಾಣ್ಯವೆಂದು ತಿಳಿದು ಹಿಂದೆ ಓಡಿಬಂದು ಕೊಡುವರು. ಸೇವೆಯಲ್ಲಿ ಅದರಿಂದ ಕೊರತೆಯುಂಟಾಗಿದೆಯೆಂದು ಯಾವ ಪ್ರವಾಸಿಯೂ ದೂರಲಾರನು.

ಪಾನಪಟ್ಟಿಯ ಇನ್ನೊಂದು ಅನ್ಯಾಯವು ಹೆಂಗಸರ ಮೇಲಿನದು. ಮೇಜಿನಲ್ಲಿ ಎಷ್ಟು ಜನ ಸ್ತ್ರೀಯರಿದ್ದರೂ ರುಚಿ ನೋಡುವ ಗುಟುಕು ಗಂಡಸಿನ ಪಾತ್ರೆಗೆ, ಬೆಲೆಯ ಪಟ್ಟಿ ಗಂಡಸಿನ ಕೈಗೆ. ಯುರೋಪ್ ಅಮೇರಿಕಗಳ ಸಿರಿವಂತ ಭೋಜನಗೃಹಗಳಲ್ಲಿ ಸ್ತ್ರೀಯರಿಗೆ ಬೆಲೆಗಳನ್ನೇ ಅಚ್ಚು ಮಾಡದ ಪಟ್ಟಿಯನ್ನು ಕೊಡುವ ವಾಡಿಕೆಯು ಬಹುಕಾಲ ನಡೆಯಿತು. 2019ರಲ್ಲಿ ಪೆರು ದೇಶದ ಅಧಿಕಾರಿಗಳು ಈ ಭೇದವನ್ನು ಮಾಡಿದ ಒಂದು ಭೋಜನಗೃಹಕ್ಕೆ ದಂಡ ಹಾಕಿದರು. ಆದುದರಿಂದ ನನ್ನ ವಾದವು ಪೂರ್ವ ಪಶ್ಚಿಮಗಳ ವಾದವಲ್ಲ. ಎಲ್ಲಿ ಆಚಾರವು ಅತಿಥಿಗೆ ತಿಳಿವನ್ನು ಕೊಡುತ್ತದೆಯೋ ಅಲ್ಲಿ ಅದು ಸದಾಚಾರ. ಎಲ್ಲಿ ತಿಳಿವನ್ನು ಮರೆಮಾಡಿ ಸಂಕೋಚವನ್ನು ಹುಟ್ಟಿಸುತ್ತದೆಯೋ ಅಲ್ಲಿ ಅದು ಸುಲಿಗೆಯ ಸಾಧನ.

ಈಗ ನಮ್ಮ ಮನೆಯ ಹುಳುಕನ್ನು ನೋಡೋಣ. ನಮ್ಮ ನಗರಗಳಲ್ಲಿ ಅನೇಕ ಭೋಜನಗೃಹಗಳು ಬಿಲ್ಲಿನ ಅಡಿಯಲ್ಲಿ ಸೇವಾಶುಲ್ಕವೆಂದು ಶೇಕಡಾ 5ರಿಂದ 10ರವರೆಗೆ, ಕೆಲವು ಇನ್ನೂ ಹೆಚ್ಚಾಗಿ, ತಾವೇ ಸೇರಿಸುತ್ತ ಬಂದವು. ಇದು ಸರಕಾರದ ತೆರಿಗೆಯೆಂದೇ ಅನೇಕರು ನಂಬಿ ತೆತ್ತರು. ಅತಿಥಿಯ ಇಚ್ಛೆಯಿಲ್ಲದೆ ಇದನ್ನು ವಸೂಲು ಮಾಡಕೂಡದೆಂದು ಕೇಂದ್ರ ಸರಕಾರವು 2017ರಲ್ಲಿ ಸೂಚನೆ ಕೊಟ್ಟಿತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಅದನ್ನೇ ಬಿಗಿಯಾದ ಮಾರ್ಗಸೂಚಿಯನ್ನಾಗಿ ಹೊರಡಿಸಿತು. ಹೋಟೆಲುಗಳ ಸಂಘಗಳು ದಿಲ್ಲಿಯ ಉಚ್ಚ ನ್ಯಾಯಾಲಯಕ್ಕೆ ಹೋಗಿ, ಅದೇ ತಿಂಗಳಲ್ಲಿ ತಡೆಯಾಜ್ಞೆಯನ್ನು ತಂದವು. ಕಡೆಗೆ 2025ರ ಮಾರ್ಚ್ 28ರಂದು ಅದೇ ನ್ಯಾಯಾಲಯದ ಏಕಸದಸ್ಯ ಪೀಠವು ಮಾರ್ಗಸೂಚಿಯನ್ನು ಎತ್ತಿಹಿಡಿದು, ಕಡ್ಡಾಯದ ಸೇವಾಶುಲ್ಕವು ಸಲ್ಲದೆಂದು ತೀರ್ಪಿತ್ತಿತು. ಎಂಟು ವರ್ಷಗಳ ಈ ಹೋರಾಟದಲ್ಲಿ ಯಜಮಾನರು ಮತ್ತೆ ಮತ್ತೆ ಮುಂದಿಟ್ಟ ವಾದವೊಂದು, ಈ ಹಣವು ಕೆಲಸಗಾರರ ಹೊಟ್ಟೆಗಾಗಿ ಎಂಬುದು. ಹಾಗಾದರೆ ಕೈತೊಳೆಯುವಲ್ಲಿ ನಮ್ಮ ಬಳಿಗೆ ಬಂದ ಹುಡುಗನು, ಕೆಟ್ಟ ಬಾಟಲಿಯ ಬೆಲೆಗೆ ಹೆದರಿ ಸುಳ್ಳು ಹೇಳಬೇಕಾದದ್ದೇಕೆ? ಅಂದಿನ ಬಿಲ್ಲಿನಲ್ಲಿಯೂ ಸೇವಾಶುಲ್ಕವಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯು ನಮಗೆ ಹೊಸದಲ್ಲ. ಅತಿಥಿಗಳು ಬಿಟ್ಟ ಹಣವನ್ನು ಯಜಮಾನನು ಮುರಿದುಕೊಳ್ಳದೆ ಕೆಲಸಗಾರರಿಗೇ ನ್ಯಾಯವಾಗಿ ಹಂಚಬೇಕೆಂದು ಬ್ರಿಟನ್ನು 2023ರಲ್ಲಿ ಕಾನೂನು ಮಾಡಿ, 2024ರ ಅಕ್ಟೋಬರ್ 1ರಿಂದ ಜಾರಿಗೆ ತಂದಿತು. ಅನುಕರಿಸುವುದಾದರೆ ಇಂಥದನ್ನು ಅನುಕರಿಸೋಣ.

ಲೇಖನಕ್ಕೆ ಪಂಕ್ತಿಭೇದವೆಂದು ಹೆಸರಿಟ್ಟುದಕ್ಕೆ ಕಾರಣವನ್ನು ಈಗ ಹೇಳುವೆನು. ನಮ್ಮ ನಾಡಿನ ಹೋಟೆಲುಗಳ ಚರಿತ್ರೆ ಹುಟ್ಟಿದಾಗಿನಿಂದ ನಿಷ್ಕಳಂಕವಾದುದಲ್ಲ. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಎಷ್ಟೋ ಹೋಟೆಲುಗಳ ಹಲಗೆಯ ಮೇಲೆಯೇ ಜಾತಿಯ ಹೆಸರಿತ್ತು; ಒಳಗೆ ಬೇರೆಬೇರೆ ಜನರಿಗೆ ಬೇರೆಬೇರೆ ಸ್ಥಳಗಳಿದ್ದುವು; ಇನ್ನು ಕೆಲವರಿಗೆ ಒಳಗೆ ಪ್ರವೇಶವೇ ಇರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು, ಜಾತಿ ಮತ ಲಿಂಗಗಳ ಕಾರಣದಿಂದ ಯಾವ ಪ್ರಜೆಯನ್ನೂ ಅಂಗಡಿ, ಸಾರ್ವಜನಿಕ ಭೋಜನಗೃಹ, ಹೋಟೆಲುಗಳಿಗೆ ಹೋಗದಂತೆ ತಡೆಯಕೂಡದೆಂದು ವಿಧಿಸಿತು. ದೇಶದ ಮೂಲಶಾಸನದಲ್ಲಿಯೇ ಭೋಜನಗೃಹವನ್ನು ಹೆಸರಿಟ್ಟು ಹೇಳಬೇಕಾಗಿ ಬಂತೆಂದರೆ, ಊಟದ ಮೇಜಿನ ಅವಮಾನವು ಎಷ್ಟು ಆಳವಾದುದೆಂಬುದನ್ನು ವಾಚಕರೇ ಊಹಿಸಬಹುದು. ಆ ಬಾಗಿಲನ್ನು ತೆರೆಯಿಸುವುದಕ್ಕೆ ಒಂದು ತಲೆಮಾರು ಹೋರಾಡಿತು. ಈಗ ಅದೇ ಬಾಗಿಲೊಳಗೆ ಕಾಲಿಟ್ಟ ರೈತನ ಮುಂದೆ ಅರ್ಥವಾಗದ ಭಾಷೆಯ ಪಟ್ಟಿಯನ್ನು ಚಾಚಿ, ಒಂದು ಗುಟುಕನ್ನು ಸುರಿದು, ಕೈಕಟ್ಟಿ ನಿಂತು, ಅವನು ತಪ್ಪುವುದನ್ನೇ ಕಾಯುವುದು ಹಳೆಯ ಪಂಕ್ತಿಭೇದದ ಹೊಸ ಅವತಾರವಲ್ಲದೆ ಮತ್ತೇನು? ಹಿಂದೆ ಜನಿವಾರವನ್ನು ನೋಡುತ್ತಿದ್ದರು. ಈಗ ಪಾತ್ರೆಯನ್ನು ಹಿಡಿದ ಬೆರಳನ್ನು ನೋಡುತ್ತಾರೆ.

ಹೊರನಾಡಿನಿಂದ ಏನನ್ನು ತರಬೇಕೆಂಬುದಕ್ಕೆ ನಮ್ಮವರದೇ ಒಂದು ನಿದರ್ಶನವಿದೆ. 1924ರಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಿಂದ ಪ್ರಾರಂಭವಾಗಿ, ಅನಂತರ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾದ ಬೆಂಗಳೂರಿನ ಉಪಾಹಾರಗೃಹದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿನ ಪ್ರವಾಸ ಮಾಡಿದರು. ಅಲ್ಲಿಯ ಭೋಜನಗೃಹಗಳನ್ನು ಕಂಡು ಬಂದು ಅವರು ಇಲ್ಲಿ ಆಚರಣೆಗೆ ತಂದದ್ದು ಪಾಕಶಾಲೆಯ ಶುಚಿತ್ವವನ್ನು, ಪಾತ್ರೆಗಳನ್ನು ಹಬೆಯಿಂದ ಶುದ್ಧಿಗೊಳಿಸುವ ಕ್ರಮವನ್ನು. ಕಾಲಾಂತರದಲ್ಲಿ ಹಲಗೆಯಿಂದ ಜಾತಿಯ ಹೆಸರೂ ಹೋಯಿತು. ಹಾಗೆಯೇ ನಮ್ಮ ಉತ್ತರ ಕರ್ನಾಟಕದ ಖಾನಾವಳಿಗಳನ್ನು ನೋಡಿರಿ. ಒಂದು ಊಟಕ್ಕೆ ಇಷ್ಟು ಎಂಬುದು ಗೋಡೆಯ ಮೇಲೆ ಬರೆದಿರುತ್ತದೆ; ಕುಳಿತ ಕೂಡಲೇ ತಂಬಿಗೆಯ ನೀರು ಬರುತ್ತದೆ; ರೊಟ್ಟಿ ಹಳಸಿದ್ದರೆ ಅತಿಥಿಯು ಎತ್ತಿ ತೋರಿಸುತ್ತಾನೆ, ಬೇರೆ ರೊಟ್ಟಿ ಬರುತ್ತದೆ. ಆ ರೊಟ್ಟಿಯ ವಾಸನೆ ಅದರ ಸ್ವಭಾವವೆಂದು ಯಾವ ಖಾನಾವಳಿಯವನೂ ವಾದಿಸಿದ್ದನ್ನು ನಾನು ಕೇಳಿಲ್ಲ. ಬೆಲೆ ಬಹಿರಂಗ, ನೀರು ನಿಶ್ಶುಲ್ಕ, ದೂರಿಗೆ ಮರ್ಯಾದೆ. ಇವು ಮೂರೂ ಇದ್ದಲ್ಲಿ ಶಿಷ್ಟಾಚಾರವು ತಾನಾಗಿಯೇ ಇರುತ್ತದೆ.

ನನ್ನ ಮೇಲೆ ಬರಬಹುದಾದ ಆಕ್ಷೇಪಣೆಗಳಿಗೆ ಸಂಕ್ಷೇಪವಾಗಿ ಉತ್ತರ ಕೊಡುವೆನು. ವೈನಿನ ಪರಿಜ್ಞಾನವು ಒಂದು ಕಲೆಯಲ್ಲವೇ ಎಂದು ಕೇಳುವರು. ಅಹುದು, ಕಲೆಯೇ, ಮಣ್ಣು, ಮಳೆ, ಹಣ್ಣಿನ ಜಾತಿ, ಪೀಪಾಯಿಯ ಮರ, ಕಳೆದ ವರ್ಷಗಳು, ಇವೆಲ್ಲವನ್ನೂ ನಾಲಿಗೆಯಿಂದ ಓದಬಲ್ಲವರ ಮುಂದೆ ನಾನು ತಲೆಬಾಗುವೆನು. ಆದರೆ ಸಂಗೀತದ ಸಭೆಯಲ್ಲಿ ರಾಗವನ್ನು ಹೆಸರಿಸಲಾರದ ಶ್ರೋತೃವನ್ನು ಬಾಗಿಲಲ್ಲಿ ತಡೆದು ಪರೀಕ್ಷೆ ಮಾಡುವ ವಿದ್ವಾಂಸನನ್ನು ನಾವು ರಸಿಕನೆನ್ನುವುದಿಲ್ಲ. ತಿಳಿದವನು ತಿಳಿಯದವನಿಗೆ ಎರಡು ಮಾತಿನಲ್ಲಿ ಹೇಳಿಕೊಡುವುದೇ ಆ ಕಲೆಯ ಸೇವೆ. ವೈನ್ ಬಡಿಸುವವನ ಉದ್ಯೋಗವು ಮೂಲತಃ ಅದೇ. ಎರಡನೆಯದಾಗಿ, ಬಾಟಲಿಯ ಬೆಲೆಯನ್ನು ಅಂಗಡಿಯ ಬೆಲೆಗಿಂತ ಎರಡು ಮೂರು ಪಟ್ಟು ಇಡದಿದ್ದರೆ ಪರವಾನಗಿಯ ಶುಲ್ಕ, ಬಾಡಿಗೆ, ಗಾಜು, ಶೈತ್ಯಾಗಾರಗಳ ವೆಚ್ಚವನ್ನು ಎಲ್ಲಿಂದ ತರುವುದು ಎನ್ನುವರು. ಪರದೇಶದ ವೈನಿನ ಮೇಲೆ ಬಹು ವರ್ಷಗಳ ಕಾಲ ಶೇಕಡಾ 150ರಷ್ಟು ಸುಂಕವಿದ್ದುದನ್ನೂ ನಾನು ಬಲ್ಲೆನು. ವ್ಯಾಪಾರಿಯು ಲಾಭ ಪಡೆಯಲಿ. ಆದರೆ ಬೆಲೆಯನ್ನೂ ಅಳತೆಯನ್ನೂ ಬಾಗಿಲಲ್ಲಿಯೇ ಬರೆದು ಪಡೆಯಲಿ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಎಷ್ಟೋ ಭೋಜನಗೃಹಗಳು, ಅತಿಥಿಯು ತನ್ನ ಬಾಟಲಿಯನ್ನು ತಾನೇ ತರಬಹುದೆಂದೂ, ತೆರೆದು ಬಡಿಸುವುದಕ್ಕೆ ಇಷ್ಟು ಶುಲ್ಕವೆಂದೂ ಮೊದಲೇ ಹೇಳಿ ಸುಖವಾಗಿ ನಡೆದುಕೊಂಡು ಬಂದಿವೆ. ಮೂರನೆಯದಾಗಿ, ಕಷ್ಟವೆನಿಸುವವರು ಅಲ್ಲಿಗೆ ಹೋಗದಿದ್ದರಾಯಿತು ಎನ್ನುವವರುಂಟು. ಈ ಉತ್ತರವನ್ನು ನಮ್ಮ ಅಜ್ಜಂದಿರ ಕಾಲದ ಹೋಟೆಲುಗಳ ಬಾಗಿಲಲ್ಲಿಯೂ ಕೇಳಿದ್ದಾಗಿದೆ. ಅದಕ್ಕೆ 15ನೆಯ ಅನುಚ್ಛೇದವು ಉತ್ತರ ಕೊಟ್ಟಿದೆ.

ಆದುದರಿಂದ ನನ್ನ ಸೂಚನೆಗಳು ಇಷ್ಟೇ. ವೈನನ್ನು ಬಿಡಿಯಾಗಿ ಮಾರುವ ಪ್ರತಿಯೊಂದು ಕಡೆಯಲ್ಲಿಯೂ ಅಳತೆಯನ್ನು ಮಿಲಿಲೀಟರುಗಳಲ್ಲಿ ಬರೆಯತಕ್ಕದ್ದು. ಕರ್ನಾಟಕದಲ್ಲಿನ ಪಾನಪಟ್ಟಿಯಲ್ಲಿ ಕನ್ನಡವೂ ಇರತಕ್ಕದ್ದು. ಕುಡಿಯಲು ಯೋಗ್ಯವಾದ ಸಾದಾ ನೀರನ್ನು ಕೇಳುವ ಮುನ್ನವೇ ಇಡತಕ್ಕದ್ದು. ಕೆಟ್ಟ ಬಾಟಲಿಯ ನಷ್ಟವನ್ನು ಯಜಮಾನನೂ ಮಾರಿದ ವ್ಯಾಪಾರಿಯೂ ಹೊರಬೇಕೇ ಹೊರತು ಪರಿಚಾರಕನ ಸಂಬಳದಿಂದ ಕಳೆಯಕೂಡದು. ಮೊದಲ ಗುಟುಕನ್ನು ಸುರಿಯುವಾಗ, "ಇದು ಕೆಟ್ಟಿದೆಯೇ ನೋಡಿರಿ, ಕೆಟ್ಟಿದ್ದರೆ ಬೇರೆ ತರುವೆನು" ಎಂದು ಬಾಯಿಬಿಟ್ಟು ಹೇಳತಕ್ಕದ್ದು. ಈ ಕಡೆಯ ವಾಕ್ಯಕ್ಕೆ ಯಾವ ಕಾನೂನೂ ಬೇಡ, ಯಾವ ಖರ್ಚೂ ಇಲ್ಲ. ಅದೊಂದನ್ನು ಅಂದು ಆ ಹುಡುಗನು ನಿರ್ಭಯವಾಗಿ ಹೇಳಬಲ್ಲವನಾಗಿದ್ದರೆ, ನಮ್ಮ ಸ್ನೇಹಿತರು ಆ ಮೇಜಿನಿಂದ ತಲೆತಗ್ಗಿಸಿ ಏಳುತ್ತಿರಲಿಲ್ಲ.

ಆ ದಿನದಿಂದ ಅವರು ಅಂಥ ಭೋಜನಗೃಹಕ್ಕೆ ಹೋಗಿಲ್ಲ. ಪ್ರತಿವರ್ಷ ಮಾಘ ಫಾಲ್ಗುಣಗಳಲ್ಲಿ ಅವರ ತೋಟದ ಹಣ್ಣು ಲಾರಿಗಳಲ್ಲಿ ಕಾರಖಾನೆಗೆ ಹೋಗುತ್ತದೆ. ಅದರ ರಸವು ಬಾಟಲಿಗಳಲ್ಲಿ ಬೆಂಗಳೂರಿಗೂ ಮುಂಬಯಿಗೂ ಹೋಗುತ್ತದೆ. ತಾನು ಬೆಳೆದ ಹಣ್ಣಿನ ರಸವನ್ನು ತಾನು ಕುಳಿತು ಕುಡಿಯಬಾರದೆಂದು ಆತನಿಗೆ ಯಾರೂ ಹೇಳಿಲ್ಲ. ಹೇಳದೆಯೇ ತಿಳಿಯುವಂತೆ ಮಾಡಿದ್ದಾರೆ. ಉಪನ್ಯಾಸಕ ಮಿತ್ರರು ಮುಂದಿನ ಸಭೆಯಲ್ಲಿ ಶಿಷ್ಟಾಚಾರದ ಎರಡನೆಯ ಉಪನ್ಯಾಸವನ್ನು ಕೊಡುವವರಿದ್ದಾರೆಂದು ಕೇಳಿದ್ದೇನೆ. ಈ ಸ್ನೇಹಿತರನ್ನೂ ಆ ಸಭೆಗೆ ಕರೆತರುವೆನು. ಗೋಣೀಚೀಲದ ವಾಸನೆಯನ್ನು ಗುರುತಿಸುವ ವಿದ್ಯೆಯನ್ನು ಅವರಿಂದ ನಾವೆಲ್ಲರೂ ಕಲಿಯಬಹುದು. ನನ್ನ ಮಾತಿನಲ್ಲಿ ತಪ್ಪಿದ್ದರೆ ಮಿತ್ರರು ಉತ್ತರ ಬರೆಯಲಿ. ಅದನ್ನು ಇದೇ ಪತ್ರಿಕೆಯಲ್ಲಿ ಪೂರ್ಣವಾಗಿ ಪ್ರಕಟಿಸಬೇಕೆಂದು ಸಂಪಾದಕರನ್ನು ಪ್ರಾರ್ಥಿಸಿ ಲೇಖನಿಯನ್ನು ಕೆಳಗಿಡುತ್ತೇನೆ.